ಕಾರ್ನರ್ ಆಟಗಾರನಿಗೆ ಎಷ್ಟು ಕೊಡಬೇಕು?

ಸಾಲಿಗ್ರಾಮ, ಕೆ.ಆರ್. ನಗರದ ಕಡೆ ಹೊನಲು ಬೆಳಕಿನ ಕಬಡ್ಡಿ ನಡೆದರೆ ಜನ ಸಿಳ್ಳೆ ಹೊಡೆಯುವುದು ರೈಡರ್‌ಗೆ. ಆಟ ಬಲ್ಲವರ ಕಣ್ಣು ಮಾತ್ರ ಅವನನ್ನು ಹಿಡಿಯಲು ಕಾರ್ನರ್‌ನಲ್ಲಿ ನಿಂತವನ ಮೇಲಿರುತ್ತದೆ. ಪ್ರೊ ಕಬಡ್ಡಿಯಲ್ಲಿ ಇಂಥವನಿಗೆ, ಅಂದರೆ ತಾರೆಯಲ್ಲದಿದ್ದರೂ ಪಂದ್ಯಕ್ಕೆ ಎರಡು ಮೂರು ಟ್ಯಾಕಲ್ ತಪ್ಪದೆ ಕೊಡುವವನಿಗೆ, ಎಷ್ಟು ಸಂಬಳ ನ್ಯಾಯ? ಈಗಿನ ಲೆಕ್ಕದಲ್ಲಿ ಸೀಸನ್ನಿಗೆ 20 ಲಕ್ಷಕ್ಕೆ ಕಡಿಮೆ ಇರಬಾರದು ಎನ್ನುವುದು ನನ್ನ ವಾದ.

2023ರ ಹರಾಜಿನಲ್ಲಿ ಪ್ರತಿ ತಂಡದ ಖರ್ಚಿನ ಮಿತಿ 5 ಕೋಟಿ. ತೆಲುಗು ಟೈಟನ್ಸ್ ಅದರಲ್ಲಿ 2.6 ಕೋಟಿಗೂ ಹೆಚ್ಚನ್ನು ರೈಡರ್ ಪವನ್ ಸೆಹ್ರಾವತ್ ಒಬ್ಬರಿಗೇ ಕೊಟ್ಟಿತು. ತಂಡಕ್ಕೆ ಕನಿಷ್ಠ 18 ಜನ ಬೇಕು. ಮಿಕ್ಕ ಹಣವನ್ನು ಉಳಿದ 17 ಮಂದಿಗೆ ಹಂಚಿದರೆ ತಲೆಗೆ ಸುಮಾರು 14 ಲಕ್ಷ. ಟೈಟನ್ಸ್ ಆ ಸಲ 22 ಪಂದ್ಯಗಳಲ್ಲಿ ಎರಡನ್ನಷ್ಟೇ ಗೆದ್ದು ಕೊನೆಯ ಸ್ಥಾನಕ್ಕಿಳಿಯಿತು. ತಪ್ಪು ಪವನ್ ಅವರದಲ್ಲ. 2019ರ ಜನವರಿಯ ಫೈನಲ್‌ನಲ್ಲಿ 22 ಅಂಕ ತಂದು ನಮ್ಮ ಬೆಂಗಳೂರು ಬುಲ್ಸ್‌ಗೆ ಕಪ್ ಗೆದ್ದುಕೊಟ್ಟವರು ಅವರೇ. 2022ರಲ್ಲಿ ಅವರನ್ನು ತಮಿಳ್ ತಲೈವಾಸ್ 2.26 ಕೋಟಿಗೆ ಕೊಂಡಿತ್ತು. ಮೊದಲ ಪಂದ್ಯದಲ್ಲೇ ಗಾಯಗೊಂಡು ಅವರು ಸೀಸನ್ ಪೂರ್ತಿ ಹೊರಗುಳಿದರು. ತಲೈವಾಸ್ ಸೆಮಿಫೈನಲ್ ತಲುಪಿದ್ದು ಅವರಿಲ್ಲದೆಯೇ. ತಂಡವನ್ನು ಹೊತ್ತು ನಿಲ್ಲುವವರು ಯಾರೆಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸಲಾಗದು.

ಟಿಕೆಟ್ ಮಾರುವುದು ತಾರೆಯ ಮುಖ, ಹಣವೂ ಅವನಿಗೇ ಸಲ್ಲಬೇಕು ಎನ್ನುವವರಿದ್ದಾರೆ. ಆ ಮಾತಿನಲ್ಲಿ ಹುರುಳಿದೆ. 2024ರ ಮಾರ್ಚ್‌ನಲ್ಲಿ ಕಪ್ ಗೆದ್ದ ಪುಣೇರಿ ಪಲ್ಟನ್‌ನಲ್ಲೂ 2.35 ಕೋಟಿಯ ತಾರೆ ಶಾದ್ಲೂಯಿ ಇದ್ದರು. ತಾರೆಗೆ ಹೆಚ್ಚು ಸಿಗಲಿ. ಆದರೆ ಎಷ್ಟು ಹೆಚ್ಚು? ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನಲ್ಲಿ ಎಂಥ ದೊಡ್ಡ ಆಟಗಾರನ ಒಪ್ಪಂದವೂ ಸಾಮಾನ್ಯವಾಗಿ ಮೊದಲ ವರ್ಷ ತಂಡದ ಸಂಬಳ ಮಿತಿಯ ಶೇ 35 ಅನ್ನು ಮೀರುವಂತಿಲ್ಲ. ಟೈಟನ್ಸ್‌ನಲ್ಲಿ ಪವನ್ ಅವರ ಪಾಲು ಶೇ 52. ಇಲ್ಲಿಯೂ ಮೂರನೇ ಒಂದು ಪಾಲಿಗೆ ಗೆರೆ ಎಳೆದರೆ ಉಳಿದವರ ಸರಾಸರಿ 20 ಲಕ್ಷದ ಹತ್ತಿರ ಬರುತ್ತದೆ. ನಾನು ಹೇಳಿದ ಅಂಕಿ ಬಂದದ್ದು ಅಲ್ಲಿಂದಲೇ. ಮಾಲೀಕರು ಒಂದು ರೂಪಾಯಿ ಹೆಚ್ಚು ಬಿಚ್ಚಬೇಕಿಲ್ಲ.

ಈ ಹಣ ದೊಡ್ಡದೆನಿಸಬಹುದು, ಅದರಲ್ಲೂ ತಂಬಾಕು, ಭತ್ತ ಬೆಳೆಯುವ ನಮ್ಮ ಮನೆಗಳಲ್ಲಿ. ಆದರೆ ಮೂವತ್ತು ದಾಟುವಷ್ಟರಲ್ಲಿ ಮಂಡಿ ಮಾತು ಕೇಳುವುದಿಲ್ಲ. ಐದಾರು ಸೀಸನ್ನಿನ ದುಡಿಮೆ ಮುಂದಿನ ಮೂವತ್ತು ವರ್ಷಕ್ಕೆ ಆಗಬೇಕು. ಹಿಂದೆ ವಿಜಯಾ ಬ್ಯಾಂಕಿನಂಥ ಸಂಸ್ಥೆಗಳು ಕಬಡ್ಡಿ ಆಡುವವರಿಗೆ ನೌಕರಿ ಕೊಟ್ಟು ತಂಡ ಕಟ್ಟುತ್ತಿದ್ದವು. 2019ರಲ್ಲಿ ಆ ಬ್ಯಾಂಕೇ ವಿಲೀನವಾಯಿತು. ರೈಲ್ವೆ, ಪೊಲೀಸ್ ಕೆಲಸ ಎಲ್ಲರಿಗೂ ಸಿಗುವಂಥದ್ದಲ್ಲ. ಹಾಗಾಗಿ ಹರಾಜಿನ ಮೂಲಬೆಲೆಯನ್ನು ಆಡಿದ ಸೀಸನ್‌ಗಳ ಲೆಕ್ಕದಲ್ಲಿ ಏರಿಸಬೇಕು, ಅಂಕಣದಲ್ಲಿ ಮಂಡಿ ಮುರಿದುಕೊಂಡವನ ಮುಂದಿನ ವರ್ಷದ ಸಂಬಳವನ್ನೂ ಒಪ್ಪಂದದಲ್ಲೇ ಬರೆಯಬೇಕು.