ಹಲಗೆಗಿಂತ ಮೊದಲು ಗೋಡೆಯನ್ನು ನೋಡಿರಿ

ಗೋಡೆಗೆ ಒಂದು ಹಲಗೆಯನ್ನು ಜೋಡಿಸಿ ಅದರ ಮೇಲೆ ಹತ್ತಾರು ಪುಸ್ತಕಗಳನ್ನಿಡುವುದು ಅತ್ಯಲ್ಪವಾದ ಕೆಲಸವೆಂದೇ ಹಲವರ ಭಾವನೆ. ಇದರಲ್ಲಿ ವಿಜ್ಞಾನಕ್ಕೇನು ಸ್ಥಾನವೆಂದು ಕೇಳುವವರೂ ಉಂಟು. ಆದರೆ ಗೆಲಿಲಿಯೋ 1638ರಲ್ಲಿ ಹೊರತಂದ ತನ್ನ ಕೊನೆಯ ಮಹಾಗ್ರಂಥದಲ್ಲಿ ಎತ್ತಿಕೊಂಡ ಪ್ರಶ್ನೆ ಇದಕ್ಕೆ ತೀರ ಹತ್ತಿರದ್ದು. ಒಂದು ತುದಿ ಗೋಡೆಯಲ್ಲಿ ಹುದುಗಿ, ಇನ್ನೊಂದು ತುದಿಯಿಂದ ಭಾರ ತೂಗುತ್ತಿರುವ ತೊಲೆ ಎಷ್ಟನ್ನು ತಾಳಬಲ್ಲುದು? ಅವನ ಉತ್ತರದಲ್ಲಿ ಕೊರತೆಯಿತ್ತು. ಅನಂತರದವರು ಅದನ್ನು ತಿದ್ದಿದರು. ಆದರೂ ಉದ್ದ ಅಗಲಗಳು ಬದಲಾಗದಿದ್ದರೆ ಇಮ್ಮಡಿ ದಪ್ಪದ ತೊಲೆಗೆ ನಾಲ್ಮಡಿ ಬಲವೆಂದು ಅವನು ಕಂಡುಕೊಂಡ ನಿಯಮ ಇಂದಿಗೂ ಸ್ಥಿರವಾಗಿ ನಿಂತಿದೆ.

2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ಕಡೆ ಈ ಪ್ರಶ್ನೆಗೆ ವಿಶೇಷವಾದ ಅರ್ಥವಿದೆ. ಅಲ್ಲಿ ಒಂದೇ ಓಣಿಯಲ್ಲಿ ಎರಡು ಕಾಲದ ಮನೆಗಳು ನಿಂತಿರುತ್ತವೆ. ಒಂದು, ಕಲ್ಲುಗಳನ್ನು ಕೆಸರುಮಣ್ಣಿನಲ್ಲಿ ಕೂಡಿಸಿದ ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಹಳೆಯ ಮನೆ. ಇನ್ನೊಂದು, ಇಟ್ಟಿಗೆ ಇಲ್ಲವೆ ಸಿಮೆಂಟು ಕಲ್ಲುಗಳ ತೆಳುಗೋಡೆಯ ಹೊಸ ಮನೆ. ಪೇಟೆಯಲ್ಲಿ ಮಾರುವ ಹಲಗೆ, ಬ್ರಾಕೆಟ್ಟು, ತಿರುಪುಮೊಳೆಗಳು ಎರಡನೆಯ ಬಗೆಯ ಗೋಡೆಗೆ ತಕ್ಕವು. ಅವನ್ನು ವಿಚಾರಮಾಡದೆ ಮೊದಲನೆಯ ಬಗೆಯ ಗೋಡೆಗೆ ಹೊಡೆಯುವುದು ಅವಿವೇಕವೆಂಬುದೇ ನಮ್ಮ ವಾದ.

ಕಾರಣವನ್ನು ಲೆಕ್ಕದಿಂದ ತಿಳಿಯೋಣ. ಹಲಗೆ 30 ಸೆಂಟಿಮೀಟರ್ ಅಗಲವಿದೆ. ಹಲಗೆ, ಪುಸ್ತಕ ಎಲ್ಲ ಸೇರಿ 30 ಕಿಲೋಗ್ರಾಂ ತೂಕವಿದೆ ಎನ್ನೋಣ. ಈ ಭಾರವೆಲ್ಲ ಗೋಡೆಯಿಂದ 15 ಸೆಂಟಿಮೀಟರ್ ದೂರದಲ್ಲಿ ಕೇಂದ್ರೀಕೃತವಾದಂತೆ ವರ್ತಿಸುತ್ತದೆ. ಬ್ರಾಕೆಟ್ಟಿನ ಕೆಳತುದಿ ಸನ್ನೆಗೋಲಿನ ಆನಿಕೆಯಂತೆ ಗೋಡೆಯನ್ನು ಒತ್ತುತ್ತದೆ. ಮೇಲಿನ ತಿರುಪುಮೊಳೆಯನ್ನು ಭಾರವು ಹೊರಕ್ಕೆ ಸೆಳೆಯುತ್ತದೆ. ಆ ಮೊಳೆಗೂ ಕೆಳತುದಿಗೂ ನಡುವೆ 25 ಸೆಂಟಿಮೀಟರ್ ಅಂತರವಿದ್ದರೆ, 30ನ್ನು 15ರಿಂದ ಗುಣಿಸಿ 25ರಿಂದ ಭಾಗಿಸಿದಾಗ, ಸೆಳೆತ 18 ಕಿಲೋಗ್ರಾಂ ತೂಕದಷ್ಟಾಗುತ್ತದೆ. ಅಂತರ ಕೇವಲ 10 ಸೆಂಟಿಮೀಟರ್ ಇದ್ದರೆ ಅದು 45ಕ್ಕೆ ಏರುತ್ತದೆ. ಹೊರೆ ಅದೇ, ಹಲಗೆಯೂ ಅದೇ; ಬ್ರಾಕೆಟ್ಟು ಗಿಡ್ಡವಾದುದರಿಂದಲೇ ಸೆಳೆತ ಎರಡೂವರೆ ಪಾಲಾಯಿತು. ಅಂದವಾಗಿದೆಯೆಂದು ಗಿಡ್ಡ ಬ್ರಾಕೆಟ್ಟನ್ನು ಕೊಳ್ಳುವವರು ಇದನ್ನು ನೆನೆಯಬೇಕು.

ಈ ಸೆಳೆತವನ್ನು ತಡೆಯಬೇಕಾದುದು ಗೋಡೆ. ಕಲ್ಲು, ಇಟ್ಟಿಗೆ, ಮಣ್ಣುಗಳೆಲ್ಲ ಒತ್ತಡವನ್ನು ಚೆನ್ನಾಗಿ ಸಹಿಸುತ್ತವೆ; ಎಳೆತವನ್ನು ಸಹಿಸಲಾರವು. ಜರ್ಮನಿಯ ಆರ್ಟುರ್ ಫಿಷರ್ 1958ರಲ್ಲಿ ನಿರ್ಮಿಸಿದ ನೈಲಾನ್ ಬೆಣೆ ಈ ತೊಡಕಿಗೆ ಒಂದು ಜಾಣ ಪರಿಹಾರ. ತಿರುಪುಮೊಳೆ ಒಳಹೊಕ್ಕಂತೆ ಬೆಣೆ ಉಬ್ಬಿ ರಂಧ್ರದ ಬದಿಗಳನ್ನು ಒತ್ತುತ್ತದೆ. ಆ ಒತ್ತಡದಿಂದ ಹುಟ್ಟುವ ಘರ್ಷಣೆ ಮೊಳೆಯನ್ನು ಹಿಡಿದಿಡುತ್ತದೆ. ಆದರೆ ಬದಿಗಳು ಗಟ್ಟಿಯಾಗಿದ್ದರೆ ಮಾತ್ರ ಈ ಯುಕ್ತಿ ಫಲಿಸೀತು. ಕೆಸರುಮಣ್ಣಿನ ಸಂದಿನಲ್ಲಿ ಬೆಣೆ ಉಬ್ಬಿದರೆ ಮಣ್ಣು ಪುಡಿಯಾಗಿ ಸರಿಯುತ್ತದೆ. ಮಳೆಗಾಲದಲ್ಲಿ ತೇವ ಸೇರಿತೆಂದರೆ ಇದ್ದ ಹಿಡಿತವೂ ತಪ್ಪುತ್ತದೆ. ಹಲಗೆಯನ್ನು ಹೊಡೆದ ದಿನವೇ ಬೀಳದಿರುವುದು ಭದ್ರತೆಗೆ ಪ್ರಮಾಣವಲ್ಲ.

ಹಾಗಾದರೆ ಹಳೆಯ ಮನೆಯವರು ಸಾಮಾನುಗಳನ್ನು ಎಲ್ಲಿಡುತ್ತಿದ್ದರು? ಗೋಡೆಯ ದಪ್ಪದಲ್ಲೇ ಗೂಡುಗಳನ್ನು ಬಿಡುತ್ತಿದ್ದರು. ಗೂಡಿನಲ್ಲಿಟ್ಟ ಭಾರ ನೇರವಾಗಿ ಕೆಳಗಿನ ಗೋಡೆಯ ಮೇಲೆ ಕೂರುತ್ತದೆ. ಹೊರಕ್ಕೆ ಸೆಳೆಯುವ ಬಲವೇ ಅಲ್ಲಿಲ್ಲ. ಹೊರಚಾಚಿದ ನಾಗಂದಿಗೆ ಬೇಕಾದಲ್ಲಿ, ಗೋಡೆ ಏಳುತ್ತಿರುವಾಗಲೇ ಕಲ್ಲಿನ ಇಲ್ಲವೆ ಮರದ ಹಲಗೆಯ ಹಿಂಭಾಗವನ್ನು ಒಳಗೆ ಹುದುಗಿಸುವುದು ಸರಿಯಾದ ಕ್ರಮ. ಮೇಲಿನ ಗೋಡೆಯ ತೂಕವೇ ಅದರ ಬಾಲವನ್ನು ಅದುಮಿ ಹಿಡಿಯುತ್ತದೆ. ಕಲ್ಲಿನ ಗುಡಿಗಳ ಮುಂಚಾಚಿದ ಸೂರುಗಲ್ಲುಗಳ ಹಿಂದಿರುವುದೂ ಇದೇ ತತ್ತ್ವ.

ಇಂದು ಮನೆಯನ್ನು ಹೊಸದು ಮಾಡುವ ಉತ್ಸಾಹದಲ್ಲಿ ಹಲವರು ಈ ಗೂಡುಗಳಿಗೆ ಇಟ್ಟಿಗೆ ತುಂಬಿ, ಗಿಲಾವು ಬಳಿದು, ಬಣ್ಣ ಹಚ್ಚುತ್ತಾರೆ. ಬಳಿಕ ಅದೇ ಗೋಡೆಗೆ ಬೈರಿಗೆಯಿಂದ ತೂತು ಕೊರೆದು ಪೇಟೆಯ ಹಲಗೆಯನ್ನು ತೂಗುಹಾಕುತ್ತಾರೆ. ಭದ್ರವಾದುದನ್ನು ಮುಚ್ಚಿ ಅಭದ್ರವಾದುದನ್ನು ಹಣ ಕೊಟ್ಟು ತರುವುದು ನವೀನತೆಯೆನಿಸದು.

ಗೂಡು ಕಿರಿದು, ಓದುವ ಮಕ್ಕಳ ಪುಸ್ತಕಗಳು ಬಹಳ ಎಂದು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದುದೇ. ಅಂಥ ಮನೆಗೆ ನೆಲದ ಮೇಲೆ ನಿಲ್ಲುವ ಕಪಾಟು ಲೇಸು. ಅದರ ಭಾರವನ್ನು ನೆಲ ಹೊರುತ್ತದೆ; ಮುಂದಕ್ಕೆ ವಾಲದಂತೆ ಮೇಲ್ತುದಿಯನ್ನು ಬಾಗಿಲಿನ ಚೌಕಟ್ಟಿಗೋ ಗಟ್ಟಿಯಾದ ಕಂಬಕ್ಕೋ ಬಿಗಿದರೆ ಸಾಕು. ಗೋಡೆಗೆ ತಾಗದಂತೆ ತುಸು ಅಂತರ ಬಿಟ್ಟರೆ ಇನ್ನೊಂದು ಲಾಭವೂ ಇದೆ. ಮಣ್ಣಿನ ಗೋಡೆಯ ಸಂದಿನಲ್ಲಿ ಗುಟ್ಟಾಗಿ ಏರುವ ಗೆದ್ದಲು ನೇರವಾಗಿ ಪುಸ್ತಕಕ್ಕೆ ದಾಟಲಾರದು. ಬಂದರೂ ಅದರ ಮಣ್ಣಿನ ಹಾದಿ ಕಣ್ಣಿಗೆ ಬೀಳುತ್ತದೆ.

ಹೊಸ ಗೋಡೆಯಾದರೂ ಎಚ್ಚರ ಬೇಡವೆಂದಲ್ಲ. ತಿರುಪುಮೊಳೆ ಗಿಲಾವನ್ನು ದಾಟಿ ಇಟ್ಟಿಗೆಯೊಳಗೆ ಚೆನ್ನಾಗಿ ಇಳಿಯಬೇಕು. ಟೊಳ್ಳು ಸಿಮೆಂಟು ಕಲ್ಲಾದರೆ ಅದಕ್ಕೆಂದೇ ಮಾಡಿದ ಬೆಣೆ ಬೇಕು. ವಿದ್ಯುತ್ ಸ್ವಿಚ್ಚಿನ ನೇರಕ್ಕೆ ಮೇಲಾಗಲಿ ಕೆಳಗಾಗಲಿ ಕೊರೆಯಬಾರದು. ಹಲಗೆ ಸಮವಾಗಿದೆಯೇ ಎಂಬುದನ್ನು ರಸಮಟ್ಟದಿಂದ ನೋಡಬೇಕು. ಹಲಗೆಯ ತೂಕವನ್ನೂ ಮರೆಯುವಂತಿಲ್ಲ. 3 ಅಡಿ ಉದ್ದ, 1 ಅಡಿ ಅಗಲ, 1 ಅಂಗುಲ ದಪ್ಪದ ತೇಗದ ಹಲಗೆ 5 ಕಿಲೋಗ್ರಾಮಿನ ಆಸುಪಾಸಿನಲ್ಲಿದ್ದರೆ, ಅದೇ ಅಳತೆಯ ಕಡಪ ಕಲ್ಲು 19 ಕಿಲೋಗ್ರಾಮಿನಷ್ಟು ತೂಗುತ್ತದೆ. ಎರಡು ಬದಿಗೂ ಗೋಡೆಯ ಆಸರೆಯಿರುವ ಕಪಾಟಿಗೆ ಕಲ್ಲು ಉಚಿತ. ಬ್ರಾಕೆಟ್ಟಿನ ಮೇಲೆ ತೂಗುವ ಹಲಗೆಗೆ ಮರವೇ ಮೇಲು.

ವಿದ್ಯಾರ್ಥಿಗಳಲ್ಲಿ ನಮ್ಮದೊಂದು ವಿನಂತಿ. ಸನ್ನೆಗೋಲಿನ ನಿಯಮವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ ಅಲ್ಲಿಗೇ ಬಿಡಬೇಡಿರಿ. ಇಂದೇ ನಿಮ್ಮ ಮನೆಯ ಹಲಗೆಯ ಅಗಲವನ್ನೂ ಬ್ರಾಕೆಟ್ಟಿನ ಉದ್ದವನ್ನೂ ಅಳೆಯಿರಿ. ಮೇಲಿರುವ ಹೊರೆಯನ್ನು ತೂಗಿ ಸೆಳೆತವನ್ನು ಲೆಕ್ಕಹಾಕಿರಿ. ಮೇಲಿನ ಮೊಳೆಯ ಸುತ್ತ ಗಿಲಾವು ಬಿರಿದಿದೆಯೇ, ಹಲಗೆಗೂ ಗೋಡೆಗೂ ನಡುವೆ ಸಂದು ಬಿದ್ದಿದೆಯೇ ಎಂದು ಪರೀಕ್ಷಿಸಿರಿ. ಬಿರಿದಿದ್ದರೆ ಹೊರೆಯನ್ನು ಕೂಡಲೇ ಇಳಿಸಿರಿ. ಅದರ ಕೆಳಗೆ ರಾತ್ರಿ ಯಾರು ಮಲಗುತ್ತಾರೆಂಬುದನ್ನೂ ನೋಡಿರಿ. ಅಲ್ಲಿ ತಂಗಿಯ ಹಾಸಿಗೆಯಿದ್ದರೆ, ಗೋಡೆ ಎಷ್ಟೇ ಗಟ್ಟಿಯಾಗಿದ್ದರೂ ಆ ಹಲಗೆಗೆ ಬೇರೊಂದು ಜಾಗವನ್ನು ಹುಡುಕಿರಿ.