ತಂತಿಯ ಮೇಲಣ ಹಕ್ಕಿ

11,000 ವೋಲ್ಟಿನ ಬರಿಯ ತಂತಿಯ ಮೇಲೆ ಗುಬ್ಬಚ್ಚಿಯು ನಿಶ್ಚಿಂತೆಯಿಂದ ಕುಳಿತಿರುತ್ತದೆ. ಅದರ ಎರಡು ಕಾಲುಗಳ ನಡುವಣ ವಿಭವದ ಅಂತರ ಇಲ್ಲವೆನ್ನುವಷ್ಟು ಅಲ್ಪ; ವಿದ್ಯುತ್ತನ್ನು ಹರಿಯಿಸುವುದು ಅಂತರವೇ ಹೊರತು ವಿಭವವಲ್ಲ. ಭೂಮಿಯ ವಿಭವವನ್ನು ಸೊನ್ನೆಯೆಂದು ಎಣಿಸುವುದೂ ಎಂಜಿನಿಯರರ ಅನುಕೂಲಕ್ಕಾಗಿಯೇ. ಹಾಗಾದರೆ ವಿಭವವೆಂಬುದು ಜಗತ್ತಿನಲ್ಲಿ ನಿಜವಾಗಿ ಇರುವ ವಸ್ತುವೋ, ಲೆಕ್ಕದ ಪುಸ್ತಕದಲ್ಲಿ ಮಾತ್ರ ಬಾಳುವ ಅಂಕಿಯೋ?

ಕಾಂತಕ್ಷೇತ್ರಕ್ಕೂ ಇಂತಹದೊಂದು ವಿಭವವುಂಟು. ಪರಿಮಾಣದೊಡನೆ ದಿಕ್ಕೂ ಇರುವುದರಿಂದ ಅದಕ್ಕೆ ಸದಿಶ ವಿಭವವೆಂದು ಹೆಸರು. ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ಲನು 1865ರ ತನ್ನ ಪ್ರಬಂಧದಲ್ಲಿ ವಿದ್ಯುತ್ತು, ಕಾಂತತೆಗಳೆರಡನ್ನೂ 20 ಸಮೀಕರಣಗಳಲ್ಲಿ ಬಂಧಿಸಿದಾಗ ಈ ವಿಭವಕ್ಕೆ ಅಗ್ರಪೀಠವನ್ನೇ ಕೊಟ್ಟನು. ಕ್ಷೇತ್ರದಲ್ಲಿ ಅಡಗಿದ ಒಂದು ಬಗೆಯ ಸಂವೇಗವೆಂದು ಅವನು ಅದನ್ನು ಭಾವಿಸಿದ್ದನು.

ಇಂಗ್ಲೆಂಡಿನ ಆಲಿವರ್ ಹೆವಿಸೈಡನಿಗೆ ಇದು ಸಹನೆಯಾಗಲಿಲ್ಲ. ಹದಿನಾರರ ವಯಸ್ಸಿನಲ್ಲಿ ಶಾಲೆ ಬಿಟ್ಟವನು, ಕಿವಿ ಮಂದ. ತಂತಿ ಕಳುಹಿಸುವ ಉದ್ಯೋಗಕ್ಕೂ 1874ರಲ್ಲಿ ಶರಣು ಹೊಡೆದು, ಮನೆಯಲ್ಲಿ ಕುಳಿತು ಮ್ಯಾಕ್ಸ್‌ವೆಲ್ಲನ ಗ್ರಂಥವನ್ನು ತಾನೇ ಓದಿ ಅರಗಿಸಿಕೊಂಡನು. ಉದ್ದನೆಯ ತಂತಿಯಲ್ಲಿ ಸಂದೇಶವು ಕೆಡದೆ ಸಾಗುವುದು ಹೇಗೆಂಬುದು ಅವನ ಚಿಂತೆ. ಒಂದೇ ಕಾಂತಕ್ಷೇತ್ರಕ್ಕೆ ಬೇಕಾದಷ್ಟು ಬೇರೆ ಬೇರೆ ಸದಿಶ ವಿಭವಗಳನ್ನು ಹೊಂದಿಸಬಹುದಾದಾಗ, ಅದನ್ನು ಕಟ್ಟಿಕೊಂಡು ಏನು ಪ್ರಯೋಜನ? ಅವನು ವಿಭವಗಳನ್ನು ಹೊರದೂಡಿ, ಇಂದು ಕಾಲೇಜುಗಳಲ್ಲಿ ಕಲಿಸುವ ನಾಲ್ಕು ಸಮೀಕರಣಗಳ ರೂಪವನ್ನು ಕೊಟ್ಟನು. ಜರ್ಮನಿಯ ಹರ್ಟ್ಸನೂ 1890ರಲ್ಲಿ ಅದೇ ಹಾದಿ ಹಿಡಿದನು. ಎಂಜಿನಿಯರರು ಮಾತ್ರ ಆಂಟೆನಾದ ಲೆಕ್ಕಕ್ಕೆ ಆ ವಿಭವವನ್ನು ಏಣಿಯಂತೆ ಬಳಸುತ್ತಲೇ ಬಂದರು. ಕ್ಷೇತ್ರವು ಕೈಗೆ ಸಿಕ್ಕಿದೊಡನೆ ಏಣಿಯನ್ನು ಮೂಲೆಗೆ ಒರಗಿಸಿದರಾಯಿತು.

1959ರಲ್ಲಿ ಬ್ರಿಸ್ಟಲಿನಲ್ಲಿದ್ದ ಯಾಕೀರ್ ಅಹರೊನೋವ್, ಡೇವಿಡ್ ಬೋಮ್ ಎಂಬಿಬ್ಬರು ಹಳೆಯ ವ್ಯಾಜ್ಯವನ್ನು ಕೆದಕಿದರು. ಉದ್ದವಾದ, ಸಪೂರವಾದ ತಂತಿಸುರುಳಿಯೊಂದರಲ್ಲಿ ವಿದ್ಯುತ್ತು ಹರಿಯುತ್ತಿದೆ. ಕಾಂತಕ್ಷೇತ್ರವೆಲ್ಲ ಸುರುಳಿಯ ಒಳಗೆ, ಹೊರಗೆ ಸೊನ್ನೆ. ಆದರೆ ಸದಿಶ ವಿಭವವು ಹೊರಗೂ ಉಂಟು. ಎಲೆಕ್ಟ್ರಾನುಗಳ ಧಾರೆಯನ್ನು ಸೀಳಿ ಸುರುಳಿಯ ಎಡಬಲಗಳಲ್ಲಿ ಹಾಯಿಸಿ ಮತ್ತೆ ಕೂಡಿಸಿದರೆ ಏನಾಗಬೇಕು? ಕ್ಷೇತ್ರವನ್ನು ಮುಟ್ಟದ ಎಲೆಕ್ಟ್ರಾನಿಗೆ ಏನೂ ಆಗಬಾರದು ಎಂಬುದು ಹೆವಿಸೈಡನ ಪಕ್ಷ. ಕ್ವಾಂಟಂ ಸಿದ್ಧಾಂತದ ಲೆಕ್ಕ ಬೇರೆ: ಎಲೆಕ್ಟ್ರಾನಿನ ಅಲೆಗಳ ಏರಿಳಿತ ಸರಿದು, ಪರದೆಯ ಮೇಲಿನ ಪಟ್ಟೆಗಳು ಸ್ಥಾನ ಬದಲಿಸಬೇಕು!

ಮರುವರ್ಷವೇ ಪ್ರಯೋಗ ನಡೆದು ಪಟ್ಟೆಗಳು ಸರಿದವು. ಕ್ಷೇತ್ರವು ಎಲ್ಲಿಯೋ ಸೋರಿದ್ದೀತೆಂದು ಸಂಶಯಗ್ರಸ್ತರು ತಲೆಯಾಡಿಸಿದರು. 1986ರಲ್ಲಿ ಜಪಾನಿನ ಅಕಿರಾ ತೊನೊಮುರಾ ಮತ್ತು ಸಂಗಡಿಗರು ಬಹು ಪುಟ್ಟದೊಂದು ಉಂಗುರಕಾಂತಕ್ಕೆ ಅತಿವಾಹಕ ನಯೋಬಿಯಂ ಲೋಹದ ಕವಚ ತೊಡಿಸಿ ಸೋರಿಕೆಯನ್ನು ತಡೆದರು. ಆಗಲೂ ಪಟ್ಟೆಗಳು ಸರಿದವು.

ಆದರೂ ಹೆವಿಸೈಡನು ಪೂರ್ತಿ ಸೋತನೆನ್ನುವಂತಿಲ್ಲ. ಒಂದು ಬಿಂದುವಿನಲ್ಲಿ ಸದಿಶ ವಿಭವ ಇಷ್ಟೇ ಎಂದು ಇಂದಿಗೂ ಯಾರೂ ಅಳೆಯಲಾರರು. ಪ್ರಯೋಗದಲ್ಲಿ ದೊರೆಯುವುದು ಸುತ್ತುಹಾದಿಯ ಒಟ್ಟು ಮೊತ್ತ. ಅದಾದರೋ ಒಳಗೆ ಸೆರೆಯಾದ ಕಾಂತಪ್ರವಾಹಕ್ಕೇ ಸಮ. ಕ್ಷೇತ್ರವು ದೂರದಿಂದಲೇ ಎಲೆಕ್ಟ್ರಾನನ್ನು ಕದಲಿಸಿತೋ, ವಿಭವವು ಪಕ್ಕದಲ್ಲಿ ನಿಂತು ಕದಲಿಸಿತೋ ಎಂದು ಭೌತವಿಜ್ಞಾನಿಗಳು ಇನ್ನೂ ವಾದಿಸುತ್ತಿದ್ದಾರೆ. ಆಂಟೆನಾ ಕಟ್ಟುವ ಎಂಜಿನಿಯರನು ಈ ಗೊಡವೆಗೆ ಹೋಗದೆ ಏಣಿಯನ್ನು ಎತ್ತಿಕೊಳ್ಳುತ್ತಾನೆ.