ಮನೆಯಲ್ಲಿ ಕಾಗದ ಮಾಡೋಣ

ವಿದ್ಯಾರ್ಥಿಯಾದವನು ದಿನವೂ ಮುಟ್ಟುವ ವಸ್ತು ಕಾಗದ. ಆದರೆ ಅದನ್ನು ಮಾಡುವುದು ಹೇಗೆಂದು ಕೇಳಿದರೆ ಉತ್ತರ ಹೇಳಬಲ್ಲವರು ನಮ್ಮಲ್ಲಿ ವಿರಳ. ಪರೀಕ್ಷೆ ಮುಗಿದೊಡನೆ ಟಿಪ್ಪಣಿ ಪುಸ್ತಕಗಳು ರದ್ದಿಯವನ ತಕ್ಕಡಿ ಸೇರುತ್ತವೆ. ಅಲ್ಲಿಗೆ ಅವುಗಳ ಋಣ ತೀರಿತೆಂದು ತಿಳಿಯುತ್ತೇವೆ. ಆ ರದ್ದಿಯಿಂದಲೇ ಮನೆಯ ಹಿತ್ತಿಲಲ್ಲಿ ಮತ್ತೆ ಕಾಗದ ಮಾಡಬಹುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆಯಾದರೂ ಮಾಡಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ದೊಡ್ಡ ಯಂತ್ರವೇನೂ ಬೇಡ. ನಾನು ಮಾಡುವ ಕ್ರಮ ಇಷ್ಟೆ: ಬರೆದು ಮುಗಿಸಿದ ಹಾಳೆಗಳನ್ನು ಚೂರುಚೂರಾಗಿ ಹರಿದು ರಾತ್ರಿಯೆಲ್ಲ ನೆನೆಹಾಕಬೇಕು. ಬೆಳಗ್ಗೆ ಒರಳಿನಲ್ಲಾಗಲಿ ಮಿಕ್ಸಿಯಲ್ಲಾಗಲಿ ಧಾರಾಳವಾಗಿ ನೀರು ಹಾಕಿ ರುಬ್ಬಿ, ಅಗಲವಾದ ಟಬ್ಬಿನ ನೀರಿನಲ್ಲಿ ಕದಡಬೇಕು. ಹಳೆಯ ಫೋಟೋ ಚೌಕಟ್ಟಿಗೆ ಸೊಳ್ಳೆಪರದೆಯ ಜಾಲರಿ ಬಿಗಿದರೆ ಅದೇ ಅಚ್ಚು. ಅದನ್ನು ಮುಳುಗಿಸಿ ಮಟ್ಟಸವಾಗಿ ಮೇಲೆತ್ತಿದರೆ ನೀರು ಸೋರಿ, ನಾರು ನಾರಿಗೆ ಹೆಣೆದುಕೊಂಡು ಪದರವಾಗಿ ನಿಲ್ಲುತ್ತದೆ. ಹಳೆಯ ಪಂಚೆಯ ಮೇಲೆ ಅದನ್ನು ಬೋರಲು ಹಾಕಿ, ಮೇಲೊಂದು ಬಟ್ಟೆ ಹೊದಿಸಿ, ಹಲಗೆಯಿಟ್ಟು ಕಲ್ಲು ಹೇರಬೇಕು. ನೀರು ಇಳಿದ ಮೇಲೆ ನೆರಳಿನಲ್ಲಿ ಒಣಗಿಸಿದರೆ ಹಾಳೆ ಸಿದ್ಧ. ಶಾಯಿ ಹರಡದಿರಲು ಅನ್ನದ ತಿಳಿಗಂಜಿ ಸವರಿ ಮತ್ತೆ ಒಣಗಿಸಬೇಕು.

ರುಬ್ಬಿದಷ್ಟೂ ನಾರು ಮೋಟಾಗುವುದರಿಂದ ಬರಿಯ ರದ್ದಿಯ ಹಾಳೆಗೆ ಬಲ ಕಡಮೆ. ಹೊಸ ನಾರು ಕೂಡಿಸಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ನಮಗೆ ಅದು ಹೊಲದಲ್ಲಿಯೇ ಇದೆ. ರೇಷ್ಮೆಹುಳು ಸೊಪ್ಪು ತಿಂದ ಮೇಲೆ ಉಳಿಯುವ ಹಿಪ್ಪುನೇರಳೆ ಕಡ್ಡಿ ಒಲೆಗೋ ತಿಪ್ಪೆಗೋ ಹೋಗುತ್ತದೆ. ಅದರ ಸಿಪ್ಪೆ ಸುಲಿದು, ಹೊರಗಿನ ಕಂದು ಪದರವನ್ನು ಹೆರೆದು, ಬಟ್ಟೆ ಸೋಡದ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ, ಚೆನ್ನಾಗಿ ತೊಳೆದು ಕುಟ್ಟಿದರೆ ಗಟ್ಟಿಯಾದ ಉದ್ದ ನಾರು ದೊರೆಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಮಾತ್ರ ಕೂಡದು. ಸೋಡ ಅದನ್ನು ತಿನ್ನುತ್ತದೆ. ಇದು ನನ್ನ ಹೊಸ ಕಲ್ಪನೆಯಲ್ಲ. ಸಮರ್ಕಂದದಲ್ಲಿ ಇಂದಿಗೂ ಹಿಪ್ಪುನೇರಳೆಯ ತೊಗಟೆಯಿಂದ ಕೈಕಾಗದ ಮಾಡುತ್ತಾರೆ.

ನಮ್ಮ ನಾಡಿನ ಹಿರಿಯರೂ ಬರೆಯುವ ಸಾಧನವನ್ನು ಮನೆಯ ವಸ್ತುಗಳಿಂದಲೇ ಮಾಡಿಕೊಳ್ಳುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಡತ ಮಾಡಿ, ಬಳಪದಿಂದ ಲೆಕ್ಕ ಬರೆದು, ಬೇಡವಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದರು. ಕಚೇರಿಯ ಕಾಗದದ ಕಟ್ಟಿಗೆ ನಾವಿಂದು ಹೇಳುವ ‘ಕಡತ’ ಎಂಬ ಹೆಸರಿನಲ್ಲಿ ಆ ನೆನಪು ಉಳಿದಿದೆ. ಗಾಂಧೀಜಿಯವರ ಪ್ರೇರಣೆಯಿಂದ 1934ರಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘವೂ ಕೈಕಾಗದವನ್ನು ತನ್ನ ಕೆಲಸಗಳಲ್ಲಿ ಸೇರಿಸಿಕೊಂಡಿತ್ತು.

ಅಂಗಡಿಯಲ್ಲಿ ದಿಸ್ತೆಗಟ್ಟಲೆ ಬಿಳಿಯ ಕಾಗದ ಸಿಗುವಾಗ ಈ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಮನೆಯ ಕಾಗದ ಒರಟು. ಗಿರಣಿಯ ಕಾಗದಕ್ಕೆ ಸಾಟಿಯಾಗದು. ಇದರಿಂದ ಯಾರ ಬಡತನವಾದರೂ ನೀಗುವುದೆಂದು ನಾನು ಹೇಳುವವನಲ್ಲ. ನನ್ನ ಕಳಕಳಿಯೇ ಬೇರೆ. ನಮ್ಮಲ್ಲಿ ಅನೇಕರು ರೇಷ್ಮೆ ಸಾಕುವ, ನೂಲು ಬಿಚ್ಚುವ, ಬೊಂಬೆ ಕಡೆಯುವ ಮನೆಗಳಿಂದ ಬಂದವರು. ತಂದೆತಾಯಿಯರ ಕೈಕೆಲಸದಿಂದ ನಮ್ಮ ಶುಲ್ಕ ಸಂದಾಯವಾಗುತ್ತದೆ. ಆದರೂ ಓದಿದವನ ಕೈಗೆ ಕೊಳೆ ತಾಗಬಾರದೆಂಬ ಭಾವನೆ ಕಾಲೇಜಿನ ಮೆಟ್ಟಿಲೇರುತ್ತಲೇ ನಮ್ಮೊಳಗೆ ಹೊಕ್ಕುಬಿಡುತ್ತದೆ. ಇದು ವಿದ್ಯೆಗೆ ಭೂಷಣವಲ್ಲ. ಒಂದು ಹಾಳೆಯನ್ನು ತಾನೇ ಎತ್ತಿ ಒಣಗಿಸಿದವನು ಕಾಗದವನ್ನು ಹಾಳುಮಾಡಲು ಹಿಂಜರಿಯುತ್ತಾನೆ. ಕೈಯಿಂದ ದುಡಿಯುವವರನ್ನು ಹಗುರವಾಗಿ ಕಾಣಲಾರ.

ಆದಕಾರಣ ನನ್ನದೊಂದು ಸೂಚನೆ. ಕಿರುಪರೀಕ್ಷೆಗಳ ಉತ್ತರಪತ್ರಿಕೆಗಳು ಅವಧಿ ತೀರಿದ ಮೇಲೆ ರದ್ದಿಗೆ ಹೋಗುವ ಬದಲು ವಿದ್ಯಾರ್ಥಿಗಳ ಕೈಗೆ ಬರಲಿ. ಒಂದು ಭಾನುವಾರ ಎಲ್ಲರೂ ಕೂಡಿ ಅವುಗಳಿಂದ ಹಾಳೆಗಳನ್ನು ಮಾಡೋಣ. ಮುಂದಿನ ವಾರ್ಷಿಕೋತ್ಸವದ ಬಹುಮಾನಪತ್ರಗಳನ್ನು ಅದರ ಮೇಲೆಯೇ ಬರೆಯೋಣ. ಗೆದ್ದವರ ಮತ್ತು ಸೋತವರ ಉತ್ತರಗಳು ಒಂದೇ ಹಾಳೆಯಲ್ಲಿ ಬೆರೆತಿರುವ ಅಂತಹ ಬಹುಮಾನಕ್ಕಿಂತ ಮಿಗಿಲಾದುದು ಯಾವುದಿದೆ?